ಗಾಂಜಾ ಲೀಗಲ್ಲೇ, ಆದರೆ ಯಾರಿಗೆ?

"ಇಲ್ಲಿ ಲೀಗಲ್ ಕಣೋ, ಏನೂ ಆಗಲ್ಲ." ಲಾಸ್ ಏಂಜಲೀಸಿಗೋ ಸ್ಯಾನ್ ಡಿಯೇಗೋಗೋ ಹೊಸದಾಗಿ ಬಂದಿಳಿದ ನಮ್ಮವರು ಮೊದಲ ಒಂದೆರಡು ತಿಂಗಳಲ್ಲೇ ಕೇಳಿಸಿಕೊಳ್ಳುವ ಮಾತಿದು. ಹೇಳುವವರು ಕೆಟ್ಟವರೇನಲ್ಲ. ರೂಮ್‌ಮೇಟು, ಆಫೀಸಿನ ಸೀನಿಯರು, ಇಲ್ಲೇ ಹುಟ್ಟಿ ಬೆಳೆದ ಕಸಿನ್ನು. ಮಾತಿನ ಮೊದಲರ್ಧ ನಿಜ. ಎರಡನೇ ಅರ್ಧ ಮಾತ್ರ ಹೇಳಿದವರ ಪಾಸ್‌ಪೋರ್ಟ್ ಯಾವುದು, ಕೇಳಿಸಿಕೊಂಡವರ ಪಾಸ್‌ಪೋರ್ಟ್ ಯಾವುದು ಅನ್ನೋದರ ಮೇಲೆ ನಿಂತಿದೆ. ಈ ಬರಹ ಆ ಎರಡನೇ ಅರ್ಧದ ವಿರುದ್ಧ.

ಮೊದಲೇ ಹೇಳಿಬಿಡ್ತೀನಿ. ಗಾಂಜಾ ಸೇದುವವರನ್ನು ಬೈಯಲು ನಾನು ಕೂತಿಲ್ಲ, ಸೇದಿ ಅಂತ ಹುರಿದುಂಬಿಸಲೂ ಕೂತಿಲ್ಲ. ವಯಸ್ಸಿಗೆ ಬಂದವರು ಶನಿವಾರ ಸಂಜೆ ತಮ್ಮ ಬಾಲ್ಕನಿಯಲ್ಲಿ ಏನು ಮಾಡ್ತಾರೆ ಅನ್ನೋದು ಅವರ ವಿಚಾರ. ನನ್ನ ಜಗಳ ಎರಡು ಕಡೆ. ಒಂದು, ಅಂಗಡಿಯ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟು, ಹೊರಗೆ ಬಂದಮೇಲೆ ವೀಸಾ ನೋಡಿ ಶಿಕ್ಷೆ ಹಂಚುವ ಅಮೆರಿಕದ ಕಾನೂನಿನ ಜೊತೆ. ಇನ್ನೊಂದು, ಇದೆಲ್ಲ ಗೊತ್ತಿದ್ದೂ ಬಾಯಿ ಬಿಡದ ನಮ್ಮದೇ ಸಮುದಾಯದ ಜೊತೆ. ಮೊದಲನೆಯದನ್ನು ಬದಲಿಸಲು ವಾಷಿಂಗ್ಟನ್ನಿನ ಕಾಂಗ್ರೆಸ್ ಬೇಕು. ಎರಡನೆಯದಕ್ಕೆ ನಾವೇ ಸಾಕು. ಹಾಗಾಗಿ ಎರಡನೆಯದರ ಮೇಲೇ ನನಗೆ ಹೆಚ್ಚು ಸಿಟ್ಟು.

ಒಂದೇ ಸಾಲು, ಮೂರು ಗಿರಾಕಿಗಳು

ಔಷಧಿಯಾಗಿ ಗಾಂಜಾ ಬಳಸಲು ಅವಕಾಶ ಕೊಟ್ಟ ಅಮೆರಿಕದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ. ಅದು 1996ರ ಪ್ರೊಪೊಸಿಷನ್ 215. ಇಪ್ಪತ್ತು ವರ್ಷದ ನಂತರ, 2016ರ ನವೆಂಬರ್‌ನಲ್ಲಿ, ಮತದಾರರು ಪ್ರೊಪೊಸಿಷನ್ 64 ಗೆಲ್ಲಿಸಿದರು. 21 ತುಂಬಿದ ಯಾರೇ ಆಗಲಿ 28.5 ಗ್ರಾಂ ಗಾಂಜಾ ಇಟ್ಟುಕೊಳ್ಳಬಹುದು, ಮನೆಯಲ್ಲಿ ಆರು ಗಿಡ ಬೆಳೆಸಬಹುದು. 2018ರ ಜನವರಿ 1ರಿಂದ ಅಂಗಡಿಗಳಲ್ಲಿ ಮಾರಾಟ ಶುರುವಾಯಿತು. 2019ರ ಅಕ್ಟೋಬರ್‌ನಲ್ಲಿ ವೆಸ್ಟ್ ಹಾಲಿವುಡ್‌ನಲ್ಲಿ ಕೂತು ಸೇದುವ ಕೆಫೆಯೇ ಬಂತು. ಇವತ್ತು ಸನ್‌ಸೆಟ್ ಬುಲೆವಾರ್ಡ್‌ನಲ್ಲಿ ಗಾಂಜಾ ಜಾಹೀರಾತು ಕಂಡರೆ ಯಾರೂ ತಲೆ ತಿರುಗಿಸಿ ನೋಡೋದಿಲ್ಲ. ಅರ್ವೈನ್ ನಗರ ತನ್ನೊಳಗೆ ಗಾಂಜಾ ಅಂಗಡಿ ಬೇಡ ಅಂದಿದೆ. ಆದರೆ ಪಕ್ಕದ ಸ್ಯಾಂಟಾ ಆನಾದಲ್ಲಿ ಅಂಗಡಿಗಳಿವೆ, ಕಾರಲ್ಲಿ ಸ್ವಲ್ಪ ಹೊತ್ತಿನ ದಾರಿ ಅಷ್ಟೆ.

ಇಂಥದೊಂದು ಅಂಗಡಿಯ ಸಾಲಲ್ಲಿ ಮೂವರು ನಿಂತಿದ್ದಾರೆ ಅಂದ್ಕೊಳ್ಳಿ. ಮೊದಲನೆಯವಳು ಸೆರಿಟೋಸ್‌ನಲ್ಲೇ ಹುಟ್ಟಿದವಳು, ಅಮೆರಿಕದ ಪ್ರಜೆ. ಅವಳ ಹಿಂದೆ ಗ್ರೀನ್ ಕಾರ್ಡ್ ಇರುವ ಸೋದರಮಾವ. ಅವರ ಹಿಂದೆ ಎಚ್-1ಬಿ ವೀಸಾದಲ್ಲಿರುವ, ಹಾಸನದಿಂದ ಬಂದ ಎಂಜಿನಿಯರ್. ಮೂವರೂ ಐಡಿ ತೋರಿಸ್ತಾರೆ. ಮೂವರೂ ತಲಾ ಒಂದು ಡಬ್ಬಿ ಗಮ್ಮಿ ತಗೋತಾರೆ: ಒಂದಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ, ಡಬ್ಬಿಗೆ 100. ಮೂವರಿಂದಲೂ ರಾಜ್ಯ ಒಂದೇ ದರದಲ್ಲಿ ತೆರಿಗೆ ಕಿತ್ತುಕೊಳ್ಳುತ್ತೆ. ಇಲ್ಲಿಯವರೆಗೆ ಸಮಾನತೆ ಅಂದರೆ ಸಮಾನತೆ.

ಅಂಗಡಿಯಿಂದ ಆಚೆ ಕಾಲಿಟ್ಟ ಮೇಲೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಯಾಕಂದ್ರೆ ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾನೂನು ಬೇರೆಯೇ ಇದೆ. 1970ರ ಕಂಟ್ರೋಲ್ಡ್ ಸಬ್‌ಸ್ಟೆನ್ಸಸ್ ಆ್ಯಕ್ಟ್ ಗಾಂಜಾವನ್ನು ಹೆರಾಯಿನ್ ಇರುವ ಮೊದಲನೇ ಪಟ್ಟಿಗೆ ಸೇರಿಸಿತು. ಮತ್ತು ವಲಸೆ ಅನ್ನೋದು ಪೂರ್ತಿಯಾಗಿ ಫೆಡರಲ್ ವಿಷಯ. ವೀಸಾ ಅಧಿಕಾರಿಗೆ, ವಿಮಾನ ನಿಲ್ದಾಣದ ಅಧಿಕಾರಿಗೆ, ಪೌರತ್ವದ ಸಂದರ್ಶನ ಮಾಡುವವರಿಗೆ ಪ್ರೊಪೊಸಿಷನ್ 64 ಲೆಕ್ಕಕ್ಕೇ ಇಲ್ಲ.

ಪ್ರಜೆಯಾದ ಹುಡುಗಿ ಕಾಗದದ ಮೇಲೆ ಫೆಡರಲ್ ಕಾನೂನು ಮುರಿದಿರಬಹುದು, ಆದರೆ ಒಂದು ಡಬ್ಬಿ ಗಮ್ಮಿಗಾಗಿ ಯಾರೂ ಅವಳ ಮನೆಗೆ ಬರೋದಿಲ್ಲ. ಅವಳನ್ನು ದೇಶದಿಂದ ಹೊರಗೆ ಹಾಕಲಂತೂ ಯಾರಿಂದಲೂ ಆಗೋದಿಲ್ಲ. ಸೋದರಮಾವ ಅಮ್ಮನನ್ನು ನೋಡಲು ಊರಿಗೆ ಹೋಗಿ ವಾಪಸ್ ಬರುವಾಗ ಪ್ರಶ್ನೆ ಎದುರಿಸಬೇಕಾಗಬಹುದು. ಪೌರತ್ವಕ್ಕೆ ಅರ್ಜಿ ಹಾಕಿದಾಗ "ಒಳ್ಳೆಯ ನಡತೆ" ಇದೆಯಾ ಅಂತ ನೋಡುವವರು ಇದನ್ನು ಎತ್ತಬಹುದು. ಮೂರನೆಯವನದ್ದು ಎಲ್ಲಕ್ಕಿಂತ ಬಿಗಿ. ವಲಸೆ ಕಾನೂನಿನ ಪ್ರಕಾರ ಮಾದಕ ವಸ್ತು ಕಾನೂನು ಮುರಿದದ್ದನ್ನು ಒಪ್ಪಿಕೊಂಡರೂ ಸಾಕು, ಅವನು ಒಳಗೆ ಬಿಡಲು ಅನರ್ಹ. ಕೋರ್ಟಿನಲ್ಲಿ ಶಿಕ್ಷೆ ಆಗಬೇಕಿಲ್ಲ. ಪೊಲೀಸ್ ಕೇಸ್ ಇರಬೇಕಿಲ್ಲ. ಒಪ್ಪಿಗೆ ಅನ್ನಿಸಿಕೊಳ್ಳಲು ಕೆಲವು ಷರತ್ತುಗಳಿವೆ, ವಿನಾಯ್ತಿ ಕೇಳುವ ದಾರಿಗಳೂ ಇವೆ. ಆದರೆ ಅವೆಲ್ಲ ಎದುರಿಗೆ ಕೂತ ಅಧಿಕಾರಿಯ ವಿವೇಚನೆ, ವಕೀಲರ ಫೀಸು ಮತ್ತು ತಿಂಗಳುಗಟ್ಟಲೆ ಕಾಯುವಿಕೆಯ ಮಾತು. ಈ ಅನರ್ಹತೆಗೆ ಇಷ್ಟೇ ವರ್ಷ ಅನ್ನೋ ಮಿತಿಯೂ ಇಲ್ಲ.

ಐದು ಗ್ರಾಂ ಗಾಂಜಾಕ್ಕೆ ಜೈಲು ಕೊಡುವ ಕ್ರೂರ ದೇಶಗಳ ಬಗ್ಗೆ ಮಾತಾಡ್ತೀವಲ್ಲ, ಸಿಂಗಪುರ, ದುಬೈ ಅಂತ. ಅಲ್ಲಿ ಕನಿಷ್ಠ ಬೋರ್ಡು ಹಾಕಿರ್ತಾರೆ. ಇಲ್ಲಿ ಬೋರ್ಡಿನಲ್ಲಿ "ಸ್ವಾಗತ" ಅಂತಿದೆ.

ಐ-5 ಹೆದ್ದಾರಿಯ ಪಾಠ

ರಾಜ್ಯ ಎಲ್ಲಿ ಮುಗಿಯುತ್ತೆ, ಕೇಂದ್ರ ಎಲ್ಲಿ ಶುರುವಾಗುತ್ತೆ ಅನ್ನೋದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕಣ್ಣಿಗೇ ಕಾಣುತ್ತೆ. ಸ್ಯಾನ್ ಡಿಯೇಗೋದ ಮೀರಾ ಮೇಸಾದಿಂದ ಒಂದು ಕನ್ನಡ ಕುಟುಂಬ ಮಾಲಿಬು ದೇವಸ್ಥಾನಕ್ಕೆ ಹೊರಟಿದೆ ಅಂತಿಟ್ಕೊಳ್ಳಿ. ಐ-5 ಹಿಡಿದು ಉತ್ತರಕ್ಕೆ ಹೋದರೆ ಕ್ಯಾಂಪ್ ಪೆಂಡಲ್ಟನ್ ಸೈನಿಕ ನೆಲೆಯ ಮಧ್ಯೆಯೇ ರಸ್ತೆ. ಅದು ದಾಟುವ ಮುಂಚೆ, ಸ್ಯಾನ್ ಕ್ಲೆಮೆಂಟಿ ಹತ್ತಿರ, ಬಾರ್ಡರ್ ಪೆಟ್ರೋಲ್‌ನ ಚೆಕ್‌ಪೋಸ್ಟ್. ಮೆಕ್ಸಿಕೋ ಗಡಿಯಿಂದ 66 ಮೈಲಿ ಒಳಗೆ! ಐ-15 ಹಿಡಿದರೂ ಟೆಮೆಕ್ಯುಲಾ ಹತ್ತಿರ ಇನ್ನೊಂದು. ಎಷ್ಟೋ ದಿನ ಇವು ಮುಚ್ಚಿರ್ತವೆ, ಹಾಗಾಗಿ ನಾವು ಮರೆತೇಬಿಡ್ತೀವಿ. ಆದರೆ ತೆರೆದಿದ್ದಾಗ ಯಾವ ಅನುಮಾನವೂ ಇಲ್ಲದೆ ಕಾರು ನಿಲ್ಲಿಸಿ ಪ್ರಶ್ನೆ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ಆ ಮೊಕದ್ದಮೆ ಹುಟ್ಟಿದ್ದು ಇದೇ ಸ್ಯಾನ್ ಕ್ಲೆಮೆಂಟಿ ಚೆಕ್‌ಪೋಸ್ಟ್‌ನಲ್ಲಿ.

ಸ್ಯಾನ್ ಡಿಯೇಗೋದ ಅಂಗಡಿಯಲ್ಲಿ ಬಿಲ್ ಸಮೇತ ಕೊಂಡ ವೇಪ್ ಪೆನ್, ಲಾಸ್ ಏಂಜಲೀಸಿನಲ್ಲೂ ಕಾನೂನುಬದ್ಧವಾದ ವೇಪ್ ಪೆನ್, ನಡುವೆ ಆ ಚೆಕ್‌ಪೋಸ್ಟಿನ ಕೆಲವು ಗಜ ಜಾಗದಲ್ಲಿ ಫೆಡರಲ್ ಅಪರಾಧದ ಸಾಕ್ಷಿ. ಕೇಳುವ ಅಧಿಕಾರಿ ಬೇರೆ ವಲಸೆ ಇಲಾಖೆಯವರೇ. ಇದೇ ಥರ ಜೋಶುವಾ ಟ್ರೀ, ಯೋಸೆಮಿಟಿಗಳಲ್ಲಿ ಟೆಂಟ್ ಹಾಕಿ ಕ್ಯಾಂಪ್‌ಫೈರ್ ಪಕ್ಕ ಹೊತ್ತಿಸುವವರು ನೆನಪಿಟ್ಟುಕೊಳ್ಳಬೇಕು: ರಾಷ್ಟ್ರೀಯ ಉದ್ಯಾನ ಫೆಡರಲ್ ಜಮೀನು. ವಾರಾಂತ್ಯಕ್ಕೆ ಟಿಹುವಾನಾಗೆ ಹೋಗಿ ಟ್ಯಾಕೋ ತಿಂದು ಸ್ಯಾನ್ ಇಸಿಡ್ರೋ ಗೇಟಿನಲ್ಲಿ ವಾಪಸ್ ಬರುವವರು ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಹಳೇ ಗಮ್ಮಿ ಉಳಿದಿದೆಯಾ ಅಂತ ನೋಡಬೇಕು. ಲಾಸ್ ಏಂಜಲೀಸಿನ ವಿಮಾನ ನಿಲ್ದಾಣದಲ್ಲಿ ಅಲ್ಲಿನ ಪೊಲೀಸರು 28.5 ಗ್ರಾಂವರೆಗೆ ತಲೆ ಕೆಡಿಸಿಕೊಳ್ಳೋದಿಲ್ಲ. ಆದರೆ ಅಂತಾರಾಷ್ಟ್ರೀಯ ಟರ್ಮಿನಲ್‌ನಲ್ಲಿ ಪಾಸ್‌ಪೋರ್ಟ್ ನೋಡುವವರು ಬೇರೆ ಜನ. ನಿಮ್ಮ ಫೋನನ್ನು ವಾರಂಟ್ ಇಲ್ಲದೆ ತೆರೆಸಿ ನೋಡುವ ಅಧಿಕಾರ ತಮಗಿದೆ ಅನ್ನುವವರು.

ಫೋನಿನಲ್ಲಿ ಏನಿರುತ್ತೆ? ಪಾರ್ಟಿಯ ಫೋಟೋ, ವಾಟ್ಸಾಪ್ ಗ್ರೂಪಿನಲ್ಲಿ "ಯಾರ ಹತ್ರ ಇದೆ" ಅನ್ನುವ ಮೆಸೇಜು, ಡೆಲಿವರಿ ಆ್ಯಪ್‌ನ ರಸೀದಿ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ಸೋಶಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರೂ ನೋಡುವ ಹಾಗೆ ತೆರೆದಿಡಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ನಿಯಮ ಎಚ್-1ಬಿ, ಎಚ್-4 ಅರ್ಜಿದಾರರಿಗೂ ಬಂತು. ಡೇಟಾ ಕೆಲಸ ಮಾಡುವವನಾಗಿ ಹೇಳ್ತೀನಿ: ಒಂದು ಸಲ ದಾಖಲಾದದ್ದು ಯಾರ ಕೈಗೆ, ಯಾವ ವರ್ಷ, ಯಾವ ಪ್ರಶ್ನೆಯ ಜೊತೆ ಬಂದು ಸೇರುತ್ತೆ ಅಂತ ದಾಖಲಿಸಿದವರಿಗೆ ಗೊತ್ತಿರೋದಿಲ್ಲ.

ಲೆಕ್ಕ ಹಾಕಿ ನೋಡಿ

"ಯಾರು ಹಿಡೀತಾರೆ ಮಗಾ?" ಅನ್ನೋರಿಗೆ ಒಂದು ಸಣ್ಣ ಲೆಕ್ಕ. ಸಿಕ್ಕಿಬೀಳುವ ಸಾಧ್ಯತೆ ವರ್ಷಕ್ಕೆ ಸಾವಿರದಲ್ಲಿ ಐದು ಅಂತ ಸುಮ್ಮನೆ ಇಟ್ಕೊಳ್ಳೋಣ. ಇದು ಯಾವ ಅಧ್ಯಯನದ್ದೂ ಅಲ್ಲ, ಲೆಕ್ಕಕ್ಕಾಗಿ ನಾನು ಊಹಿಸಿದ ಸಂಖ್ಯೆ. ಮೂರು ವರ್ಷದಲ್ಲಿ ಗ್ರೀನ್ ಕಾರ್ಡ್ ಸಿಗುವ ದೇಶದವನಿಗೆ ಒಟ್ಟು ಅಪಾಯ ನೂರಕ್ಕೆ ಸುಮಾರು ಒಂದೂವರೆ. ಇಪ್ಪತ್ತು ವರ್ಷ ಕಾಯುವವನಿಗೆ ಅದೇ ದರದಲ್ಲಿ ನೂರಕ್ಕೆ ಒಂಬತ್ತು ದಾಟುತ್ತೆ. ಅಭ್ಯಾಸ ಒಂದೇ, ಗಮ್ಮಿ ಒಂದೇ, ಬದಲಾದದ್ದು ಕಾಯುವ ಕಾಲ.

ನಾವು ಯಾಕೆ ಇಷ್ಟು ಕಾಯ್ತೀವಿ ಅನ್ನೋದು ಗೊತ್ತಿರುವ ಕಥೆ. ಉದ್ಯೋಗದ ಮೇಲೆ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ ಸುಮಾರು 1,40,000, ಅದರಲ್ಲಿ ಯಾವುದೇ ಒಂದು ದೇಶಕ್ಕೆ ಶೇ. 7ರ ಮಿತಿ. ನೂರನಲವತ್ತು ಕೋಟಿ ಜನರ ಭಾರತಕ್ಕೂ ಅಷ್ಟೇ, ಪುಟ್ಟ ಐಸ್‌ಲ್ಯಾಂಡಿಗೂ ಅಷ್ಟೇ. 2025ರ ವೀಸಾ ಬುಲೆಟಿನ್‌ಗಳಲ್ಲಿ ಭಾರತದ ಇಬಿ-2 ಸಾಲು ಇನ್ನೂ 2012, 2013ರ ಅರ್ಜಿಗಳ ಹತ್ತಿರವೇ ತೆವಳುತ್ತಿತ್ತು. ಅಂದರೆ ಗಾಂಜಾ ಕಾನೂನು ಎಲ್ಲ ವಲಸಿಗರಿಗೂ ಒಂದೇ ಥರ ಬರೆದದ್ದಾದರೂ, ಅದರ ಹೊರೆ ಬೀಳೋದು ಸಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲಿಸಿಕೊಂಡವರ ಮೇಲೆ. ಅದರಲ್ಲಿ ನಾವು ಎಲ್ಲರಿಗಿಂತ ಮುಂದೆ, ಅಂದರೆ ಎಲ್ಲರಿಗಿಂತ ಹಿಂದೆ.

ಈ ಇಪ್ಪತ್ತು ವರ್ಷದಲ್ಲಿ ಎಷ್ಟು ಸಲ ಪ್ರಶ್ನೆ ಎದುರಾಗುತ್ತೆ ನೋಡಿ. ಊರಿಗೆ ಹೋದಾಗ ಚೆನ್ನೈನಲ್ಲೋ ಹೈದರಾಬಾದಿನಲ್ಲೋ ವೀಸಾ ಸ್ಟಾಂಪಿಂಗ್. ವಾಪಸ್ ಬಂದಾಗ ವಿಮಾನ ನಿಲ್ದಾಣ. ಗ್ರೀನ್ ಕಾರ್ಡಿನ ಅರ್ಜಿಯಲ್ಲಿ, ಯಾವುದೇ ರಾಜ್ಯದ ಅಥವಾ ದೇಶದ ಮಾದಕ ವಸ್ತು ಕಾನೂನನ್ನು ಎಂದಾದರೂ ಮುರಿದಿದ್ದೀರಾ ಅನ್ನುವ ಪ್ರಶ್ನೆ. ಅದರ ಜೊತೆಗಿನ ವೈದ್ಯಕೀಯ ಪರೀಕ್ಷೆಯಲ್ಲಿ ಡಾಕ್ಟರು ಕೇಳುವ ಪ್ರಶ್ನೆ. ಇಲ್ಲಿಯ ಡಾಕ್ಟರಿಗೆ ಹೇಳಿದ್ದು ಗುಟ್ಟಾಗಿರುತ್ತೆ ಅಂದ್ಕೊಂಡು ನಿದ್ದೆಗೆ ಗಮ್ಮಿ ತಗೋತೀನಿ ಅಂತ ಆರಾಮಾಗಿ ಹೇಳಿಬಿಡ್ತೀವಿ. ಈ ಡಾಕ್ಟರು ನಿಮ್ಮ ಫ್ಯಾಮಿಲಿ ಡಾಕ್ಟರಲ್ಲ. ಅವರು ಬರೆದದ್ದು ವಲಸೆ ಇಲಾಖೆಗೆ ಹೋಗುತ್ತೆ.

"ಹಾಗಾದ್ರೆ ಇಲ್ಲ ಅಂದ್ಬಿಡು" ಅನ್ನೋ ಸಲಹೆ ನಮ್ಮಲ್ಲಿ ಬಹಳ ಅಗ್ಗ. ಇದು ಗಾಂಜಾಕ್ಕಿಂತ ಅಪಾಯಕಾರಿ. ವಲಸೆ ಅರ್ಜಿಯಲ್ಲಿ ಮುಖ್ಯವಾದ ವಿಷಯದಲ್ಲಿ ಸುಳ್ಳು ಹೇಳಿದ್ದು ಸಾಬೀತಾದರೆ ಅದೇ ಬೇರೊಂದು ಶಾಶ್ವತ ಅನರ್ಹತೆ. ಉತ್ತರ ಕೊಡುವ ಮುಂಚೆ ವಲಸೆ ವಕೀಲರ ಹತ್ತಿರ ಹೋಗಬೇಕು, ವಾಟ್ಸಾಪ್ ಗ್ರೂಪಿನ ಹತ್ತಿರ ಅಲ್ಲ. ನಾನೂ ವಕೀಲನಲ್ಲ. ಈ ಬರಹವನ್ನೂ ಕಾನೂನು ಸಲಹೆ ಅಂತ ತಗೋಬೇಡಿ.

ಕೆಲಸಕ್ಕೂ ಇದು ಅನ್ವಯಿಸುತ್ತೆ ಅನ್ನೋದು ಇನ್ನೂ ಕಡಿಮೆ ಜನಕ್ಕೆ ಗೊತ್ತು. ಗಾಂಜಾ ಉದ್ಯಮದಲ್ಲಿ ಕೆಲಸ ಮಾಡಿದ್ದೂ ಪೌರತ್ವಕ್ಕೆ ಅಡ್ಡಿಯಾಗಬಹುದು ಅಂತ ಯುಎಸ್‌ಸಿಐಎಸ್ 2019ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿತು, ರಾಜ್ಯದ ಕಾನೂನು ಏನೇ ಹೇಳಲಿ. ಲಾಸ್ ಏಂಜಲೀಸಿನಲ್ಲಿ ಇವತ್ತು ಗಾಂಜಾ ಡೆಲಿವರಿ, ಪೇಮೆಂಟ್, ದಾಸ್ತಾನು ಲೆಕ್ಕದ ಕಂಪನಿಗಳು ಬೇಕಾದಷ್ಟಿವೆ, ಅವಕ್ಕೆ ಪ್ರೋಗ್ರಾಮರ್ ಬೇಕು, ಅನಲಿಸ್ಟ್ ಬೇಕು. ಗಿಡವನ್ನು ಕಣ್ಣಲ್ಲೂ ನೋಡದೆ ಡ್ಯಾಶ್‌ಬೋರ್ಡ್ ಕಟ್ಟಿದ ಗ್ರೀನ್ ಕಾರ್ಡ್‌ದಾರರು ಕೂಡ ಆಫರ್ ಲೆಟರಿಗೆ ಸಹಿ ಹಾಕುವ ಮುಂಚೆ ವಕೀಲರನ್ನು ಕೇಳಬೇಕಾದ ಸ್ಥಿತಿ ಇದು.

ಡಬ್ಬಿಯ ಮೇಲೆ ಬರೆದಿರೋದು "ಇಂಡಿಕಾ"

ಈಗ ನಗು ಬರುವ ಭಾಗ. ಯಾವುದೇ ಡಿಸ್ಪೆನ್ಸರಿಗೆ ಹೋದರೂ ಅರ್ಧ ಡಬ್ಬಿಗಳ ಮೇಲೆ "ಇಂಡಿಕಾ" ಅಂತಿರುತ್ತೆ. ಭಾರತದಿಂದ ಹೋದ ಗಿಡದ ಮಾದರಿ ನೋಡಿ ಫ್ರಾನ್ಸಿನ ಲಾಮಾರ್ಕ್ 1785ರಲ್ಲಿ ಇಟ್ಟ ಹೆಸರದು. ಪಕ್ಕದ ಶೆಲ್ಫಿನಲ್ಲಿ "ಗಾಂಜಾ", "ಚಿಲಮ್" ಅನ್ನೋ ಪದಗಳು, ಓಂ ಚಿಹ್ನೆ, ಕೆಲವು ಕಡೆ ಶಿವನ ಚಿತ್ರ. ನಮ್ಮ ಊರಿನ ಪದ, ನಮ್ಮ ಊರಿನ ದೇವರು ಎಲ್ಲ ಮಾರಾಟಕ್ಕಿದೆ. ಆ ಊರಿನ ಪಾಸ್‌ಪೋರ್ಟ್ ಇರುವವನು ಮಾತ್ರ ಕೊಂಡರೆ ಅಪರಾಧಿ.

ನಮ್ಮ ಅಪ್ಪ ಅಮ್ಮಂದಿರು ಗಾಂಜಾ ಅಂದರೆ "ಅಮೆರಿಕದ ಕೆಟ್ಟ ಚಟ" ಅಂತಾರೆ. ಕನ್ನಡದಲ್ಲಿ ಅದಕ್ಕೆ ಭಂಗಿ ಅನ್ನೋ ಹಳೆಯ ಹೆಸರೇ ಇದೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾ ಪ್ರಸಾದವಾಗಿ ಸಿಗುತ್ತಿದ್ದದ್ದು ಪತ್ರಿಕೆಗಳಲ್ಲೇ ವರದಿಯಾಗಿದೆ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಹೆಂಪ್ ಡ್ರಗ್ಸ್ ಕಮಿಷನ್ ದೇಶವೆಲ್ಲ ಸುತ್ತಿ ಸಾವಿರಕ್ಕೂ ಹೆಚ್ಚು ಸಾಕ್ಷಿ ಕೇಳಿ, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿ ಇಲ್ಲ, ಪೂರ್ತಿ ನಿಷೇಧ ಬೇಡ ಅಂತ ವರದಿ ಕೊಟ್ಟಿತು. ನಿಷೇಧಕ್ಕೆ ಜಗತ್ತನ್ನು ಎಳೆದವರಲ್ಲಿ ಮುಂದಿದ್ದದ್ದು ಅಮೆರಿಕ. 1961ರ ವಿಶ್ವಸಂಸ್ಥೆಯ ಒಪ್ಪಂದ ಗಾಂಜಾವನ್ನು ಅತಿ ಕಠಿಣ ಪಟ್ಟಿಗೆ ಸೇರಿಸಿತು, ಔಷಧಿಯಲ್ಲದ ಬಳಕೆ ನಿಲ್ಲಿಸಲು 25 ವರ್ಷದ ಗಡುವು ಕೊಟ್ಟಿತು. ಆ ಗಡುವಿನೊಳಗೆ, 1985ರಲ್ಲಿ, ಭಾರತ ಎನ್‌ಡಿಪಿಎಸ್ ಕಾಯ್ದೆ ತಂದಿತು. ಅದರಲ್ಲೂ ಹೂವಿನ ತುದಿ ಇಲ್ಲದ ಬರೀ ಎಲೆ, ಬೀಜವನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿತು. ಹಾಗಾಗಿಯೇ 2022ರಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಒಂದು ಪ್ರಕರಣದಲ್ಲಿ ಜಾಮೀನು ಕೊಡುವಾಗ, ಭಾಂಗನ್ನು ನಿಷೇಧಿಸುವ ಮಾತು ಆ ಕಾಯ್ದೆಯಲ್ಲಿ ಇಲ್ಲ ಅಂದದ್ದು. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಆ ಅತಿ ಕಠಿಣ ಪಟ್ಟಿಯಿಂದ 27-25 ಮತಗಳಲ್ಲಿ ತೆಗೆದಾಗ ಭಾರತ ತೆಗೆಯುವ ಪರವಾಗಿ ಮತ ಹಾಕಿತ್ತು.

ಇದನ್ನೆಲ್ಲ ಹೇಳೋದು "ನಮ್ಮ ಸಂಸ್ಕೃತಿಯಲ್ಲೇ ಇದೆ, ಸೇದಿ" ಅನ್ನೋದಕ್ಕಲ್ಲ. ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ಸಿಗುವ ಚಿಟಿಕೆಗೂ ಲ್ಯಾಬಿನಲ್ಲಿ ಸಾರ ಹಿಂಡಿ ತುಂಬಿದ ವೇಪ್ ಪೆನ್ನಿಗೂ ಅಜಗಜಾಂತರ. ಗಮ್ಮಿ ತಿಂದು ಇನ್ನೂ ಏನೂ ಆಗಲಿಲ್ಲ ಅಂತ ಇನ್ನೊಂದು ತಿಂದು ಆಸ್ಪತ್ರೆ ಸೇರುವವರಿದ್ದಾರೆ. ಸೇದಿ ಕಾರು ಓಡಿಸೋದು ಕ್ಯಾಲಿಫೋರ್ನಿಯಾದಲ್ಲೂ ಅಪರಾಧವೇ, ಆಗಲೇಬೇಕು. ಮಕ್ಕಳಿಗೆ ಮಿಠಾಯಿಯಂತೆ ಕಾಣುವ ಡಬ್ಬಿಯನ್ನು ಅಡುಗೆಮನೆಯಲ್ಲಿ ಇಡುವವರ ಮೇಲೆ ನನಗೆ ಯಾವ ಕರುಣೆಯೂ ಇಲ್ಲ. ಆದರೆ ಇದೇ ಮಾತು ವಿಸ್ಕಿಗೂ ಅನ್ವಯಿಸುತ್ತೆ. ವಿಸ್ಕಿ ಕುಡಿದದ್ದಕ್ಕೆ ಯಾರನ್ನೂ ಇಮಿಗ್ರೇಷನ್ ಕೌಂಟರಿನಲ್ಲಿ ವಾಪಸ್ ಕಳಿಸೋದಿಲ್ಲ.

ನಮ್ಮವರ ಮೌನ

ವಿಸ್ಕಿ ಅಂದೆನಲ್ಲ, ನಮ್ಮ ಪಾರ್ಟಿಗಳನ್ನೇ ನೋಡೋಣ. ಗಂಡಸರು ಗ್ಯಾರೇಜಿನಲ್ಲಿ ಸಿಂಗಲ್ ಮಾಲ್ಟ್ ಸುತ್ತ ಕೂತರೆ ಅದು ಗೆಳೆತನ. ಟೆಮೆಕ್ಯುಲಾದ ವೈನರಿಗೆ ಬಸ್ ಮಾಡಿಕೊಂಡು ಹೋದರೆ ಅದು ಫ್ಯಾಮಿಲಿ ಔಟಿಂಗ್. ಹಿತ್ತಲಲ್ಲಿ ಹುಡುಗರು ಗಮ್ಮಿ ಹಂಚಿಕೊಂಡರೆ "ಡ್ರಗ್ಸ್". ಗಟ್ಟಿಯಾಗಿ ಹೇಳಬಾರದ ಪದ ಅದು. 2020ರಲ್ಲಿ ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣ ಟಿವಿಯಲ್ಲಿ ಓಡಿದಾಗ ತಿಂಗಳಾನುಗಟ್ಟಲೆ ರಸವತ್ತಾಗಿ ಚರ್ಚೆ ಮಾಡಿದ ಸಮುದಾಯ ನಮ್ಮದು. ನಮ್ಮ ಬೀದಿಯ ಕೊನೆಯಲ್ಲಿರುವ ಅಂಗಡಿಯ ಬಗ್ಗೆ, ಅಲ್ಲಿಗೆ ಹೋಗುವ ನಮ್ಮ ಮಕ್ಕಳ ವೀಸಾದ ಬಗ್ಗೆ ಒಂದು ಮಾತಿಲ್ಲ.

ಈ ಮೌನದ ಬೆಲೆ ತೆರುವವರು ಯಾರು? ಎಚ್-4 ವೀಸಾದ ಮಕ್ಕಳು. ಎರಡು ಮೂರು ವರ್ಷಕ್ಕೆ ಅಪ್ಪ ಅಮ್ಮನ ಕೈ ಹಿಡಿದು ಬಂದವರು. ಪೋವೇಯಲ್ಲೋ ಅರ್ವೈನ್‌ನಲ್ಲೋ ಶಾಲೆ ಮುಗಿಸಿ ಯುಸಿ ಸ್ಯಾನ್ ಡಿಯೇಗೋಗೋ ಯುಸಿಎಲ್‌ಎಗೋ ಸೇರಿದವರು. ಮಾತು, ಬಟ್ಟೆ, ಜೋಕು, ಪ್ಲೇಲಿಸ್ಟು ಎಲ್ಲದರಲ್ಲೂ ಪಕ್ಕದ ಗೆಳೆಯನಷ್ಟೇ ಕ್ಯಾಲಿಫೋರ್ನಿಯಾದವರು. ಒಂದು ವಿಷಯದಲ್ಲಿ ಮಾತ್ರ ಅಲ್ಲ, ಆ ಒಂದು ವಿಷಯವನ್ನು ಮನೆಯಲ್ಲಿ ಯಾರೂ ಬಿಡಿಸಿ ಹೇಳಿರೋದಿಲ್ಲ. 21 ತುಂಬಿದ ದಿನ ಗೆಳೆಯನಿಗೆ ಅಂಗಡಿಯ ಬಾಗಿಲು ತೆರೆಯುತ್ತೆ. ಅದೇ ದಿನ ಈ ಮಗು ಅಪ್ಪ ಅಮ್ಮನ ವೀಸಾದಿಂದ ಹೊರಗೆ ಬಿದ್ದು ತನ್ನದೇ ವೀಸಾ ಹುಡುಕಬೇಕು. ಇಬ್ಬರೂ ಒಂದೇ ಡಬ್ಬಿಯಿಂದ ತಗೊಂಡು ಆ ಹುಟ್ಟುಹಬ್ಬ ಆಚರಿಸಿದರೆ ಒಬ್ಬನಿಗೆ ತಲೆನೋವು, ಇನ್ನೊಬ್ಬನ ಇಡೀ ಜೀವನಕ್ಕೆ ಪ್ರಶ್ನೆಚಿಹ್ನೆ.

ಇದು ಊಹೆಯ ಭಯ ಅನ್ನೋರು ಏಡ್ರಿಯನ್ ಮಾಂಕ್ರೀಫ್ ಅನ್ನುವವನ ಮೊಕದ್ದಮೆ ಓದಬೇಕು. ಜಮೈಕಾದಿಂದ 1984ರಲ್ಲಿ ಮೂರು ವರ್ಷದ ಮಗುವಾಗಿ ಬಂದವನು, ಗ್ರೀನ್ ಕಾರ್ಡ್ ಇದ್ದವನು. 2007ರಲ್ಲಿ ಜಾರ್ಜಿಯಾದಲ್ಲಿ ಕಾರು ತಡೆದಾಗ ಸಿಕ್ಕಿದ್ದು 1.3 ಗ್ರಾಂ ಗಾಂಜಾ, ಎರಡು ಮೂರು ಸಿಗರೇಟಿಗೆ ಸಾಕಾಗುವಷ್ಟು. ಸರ್ಕಾರ ಅದನ್ನು "ಗಂಭೀರ ಅಪರಾಧ" ಅಂತ ಕರೆದು ಗಡೀಪಾರಿಗೆ ಹೊರಟಿತು. ಅದು ಗಂಭೀರ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ. 1.3 ಗ್ರಾಂಗೆ ಆರು ವರ್ಷ. ಇದೇ ಕ್ಯಾಲಿಫೋರ್ನಿಯಾ ಹಳೇ ಗಾಂಜಾ ಕೇಸುಗಳನ್ನು ಅಳಿಸಿಹಾಕಲು 2018ರಲ್ಲಿ ಕಾನೂನು ಮಾಡಿತು, ಒಳ್ಳೆಯದು. ಆದರೆ ರಾಜ್ಯ ಅಳಿಸಿದ ದಾಖಲೆಯನ್ನು ವಲಸೆ ಕಾನೂನು ಸಾಮಾನ್ಯವಾಗಿ ಅಳಿದದ್ದು ಅಂತ ಒಪ್ಪೋದಿಲ್ಲ. 2022ರ ಅಕ್ಟೋಬರ್‌ನಲ್ಲಿ ಬೈಡನ್ ಗಾಂಜಾ ಇಟ್ಟುಕೊಂಡವರಿಗೆ ಕ್ಷಮಾದಾನ ಕೊಟ್ಟರು. ಅದು ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್‌ದಾರರಿಗೆ. ಎಚ್-1ಬಿ, ಎಚ್-4, ಎಫ್-1 ಆ ಪಟ್ಟಿಯಲ್ಲೇ ಇಲ್ಲ.

"ಕಾನೂನು ಗೊತ್ತಿದ್ದೂ ಮುರಿದರೆ ಅನುಭವಿಸಲಿ" ಅನ್ನುವ ಹಿರಿಯರಿದ್ದಾರೆ. ಗೊತ್ತಿದ್ದೂ ಅನ್ನೋದೇ ಇಲ್ಲಿ ಪ್ರಶ್ನೆ. ಪರವಾನಗಿ ಪಡೆದ ಅಂಗಡಿ, ಸರ್ಕಾರದ ತೆರಿಗೆ, ಐಡಿ ನೋಡಿ ಒಳಗೆ ಬಿಡುವ ಕಾವಲುಗಾರ, ಇಷ್ಟೆಲ್ಲ ಇರುವ ಜಾಗದಲ್ಲಿ ತಾನು ಅಪರಾಧ ಮಾಡ್ತಿದ್ದೀನಿ ಅಂತ 22 ವರ್ಷದ ಹುಡುಗನಿಗೆ ಹೊಳೆಯಬೇಕು ಅನ್ನೋದು ಯಾವ ನ್ಯಾಯ? ಇನ್ನು ಕೆಲವರು, "ಗಾಂಜಾ ಮೂರನೇ ಪಟ್ಟಿಗೆ ಬರ್ತಿದೆಯಲ್ಲ, ಎಲ್ಲ ಸರಿಹೋಗುತ್ತೆ" ಅಂತಾರೆ. 2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಆ ಪ್ರಸ್ತಾಪ ಇಟ್ಟದ್ದು ನಿಜ, 2025ರ ಡಿಸೆಂಬರ್‌ನಲ್ಲಿ ಟ್ರಂಪ್ ಅದನ್ನು ಬೇಗ ಮುಗಿಸಿ ಅಂತ ಆದೇಶ ಹೊರಡಿಸಿದ್ದೂ ನಿಜ. ಆದರೆ ಮೂರನೇ ಪಟ್ಟಿಯೂ ಅದೇ 1970ರ ಕಾನೂನಿನ ಪಟ್ಟಿ. ವಲಸೆ ಕಾನೂನು ಕೇಳೋದು "ಯಾವ ಪಟ್ಟಿ" ಅಂತಲ್ಲ, "ಪಟ್ಟಿಯಲ್ಲಿ ಇದೆಯಾ" ಅಂತ. ಅಂಗಡಿ ಮಾಲೀಕರಿಗೆ ಆದಾಯ ತೆರಿಗೆ ಕಡಿಮೆಯಾಗಬಹುದು, ನಮ್ಮ ಹುಡುಗನಿಗೆ ಏನೂ ಬದಲಾಗೋದಿಲ್ಲ.

ಯಾರು ಏನು ಮಾಡಬೇಕು

ಬದಲಾಗಬೇಕಾದ್ದು ಏನು ಅಂತ ಬರೆದಿಟ್ಟ ಮಸೂದೆಯೇ ಇದೆ. ಮೋರ್ ಆ್ಯಕ್ಟ್ ಅಂತ ಹೆಸರು. ಗಾಂಜಾವನ್ನು ಪಟ್ಟಿಯಿಂದಲೇ ತೆಗೆಯುವುದರ ಜೊತೆಗೆ, ಗಾಂಜಾ ಕಾರಣಕ್ಕೆ ವಲಸಿಗರಿಗೆ ತೊಂದರೆ ಕೊಡಬಾರದು ಅನ್ನುವ ಅಂಶವೂ ಅದರಲ್ಲಿತ್ತು. ಕೆಳಮನೆ ಅದನ್ನು ಎರಡು ಸಲ, 2020ರ ಡಿಸೆಂಬರ್‌ನಲ್ಲಿ ಮತ್ತು 2022ರ ಏಪ್ರಿಲ್‌ನಲ್ಲಿ, ಪಾಸು ಮಾಡಿತು. ಸೆನೆಟ್‌ನಲ್ಲಿ ಎರಡು ಸಲವೂ ಅಲ್ಲೇ ಉಳಿಯಿತು. ನಮ್ಮಲ್ಲಿ ಮತದಾನದ ಹಕ್ಕು ಇರುವವರು ಎಷ್ಟೋ ಜನ. ಗ್ರೀನ್ ಕಾರ್ಡ್ ಸಾಲಿನ ಬಗ್ಗೆ ಪ್ರತಿನಿಧಿಗಳಿಗೆ ಪತ್ರ ಬರೆಯುವವರು ಇದನ್ನೂ ಅದೇ ಪತ್ರದಲ್ಲಿ ಒಂದು ಪ್ಯಾರಾ ಸೇರಿಸಬಹುದು. ಎರಡೂ ಒಂದೇ ಸಮಸ್ಯೆಯ ಎರಡು ತುದಿಗಳು.

ಇಲ್ಲಿ ಹುಟ್ಟಿದ, ಕನ್ನಡ ಕಲಿಯುತ್ತಾ ಈ ಬರಹವನ್ನು ನಿಧಾನವಾಗಿ ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು. ನಿಮ್ಮ ಪಾಸ್‌ಪೋರ್ಟ್ ನಿಮಗೆ ಕೊಟ್ಟಿರುವ ನಿಶ್ಚಿಂತೆ ನಿಮ್ಮ ಪಕ್ಕದಲ್ಲಿ ಕೂತವರಿಗೆ ಇಲ್ಲದಿರಬಹುದು. ಗಮ್ಮಿ ಮುಂದೆ ಚಾಚುವ ಮುಂಚೆ "ನೀನು ಯಾವ ವೀಸಾದಲ್ಲಿದ್ದೀಯಾ, ಇದರಿಂದ ಏನಾಗಬಹುದು ಗೊತ್ತಾ?" ಅಂತ ಕೇಳಿ. ಬೇಡ ಅಂದವರನ್ನು ಪುಕ್ಕಲ ಅಂತ ಆಡ್ಕೋಬೇಡಿ. ಫೋಟೋ ತೆಗೆದು ಟ್ಯಾಗ್ ಮಾಡಬೇಡಿ. ಬಂದವರಿಗೆ ಕೋಸಂಬರಿಯಲ್ಲಿ ಗೋಡಂಬಿ ಹಾಕಿದ್ದೀನಿ, ಅಲರ್ಜಿ ಇದೆಯಾ ಅಂತ ಕೇಳುವ ಮನೆಗಳು ನಮ್ಮವು. ಬ್ರೌನಿಯಲ್ಲಿ ಏನಿದೆ ಅಂತ ಹೇಳೋದು ಅಷ್ಟು ಕಷ್ಟವೇ?

ಅಪ್ಪ ಅಮ್ಮಂದಿರಿಗೆ: "ನಮ್ಮ ಮಗು ಅಂಥದ್ದೆಲ್ಲ ಮಾಡಲ್ಲ" ಅನ್ನೋದು ಯೋಜನೆಯಲ್ಲ. ಹದಿನಾರಕ್ಕೆ ಡ್ರೈವಿಂಗ್ ಕಲಿಸುವಾಗ ವೀಸಾದ ವಿಷಯವನ್ನೂ ಕೂರಿಸಿ ಹೇಳಿ, ಬೈಯದೆ ಹೇಳಿ. ಬೈದರೆ ಮುಂದಿನ ಸಲ ತೊಂದರೆಯಾದಾಗ ಫೋನ್ ನಿಮಗೆ ಬರೋದಿಲ್ಲ, ಏನೂ ಗೊತ್ತಿಲ್ಲದ ರೂಮ್‌ಮೇಟಿಗೆ ಹೋಗುತ್ತೆ.

ಕನ್ನಡ ಸಂಘಗಳಿಗೆ: ಯುಗಾದಿಗೆ, ರಾಜ್ಯೋತ್ಸವಕ್ಕೆ ತೆರಿಗೆ ಸಲಹೆಗಾರರನ್ನು, ರಿಯಲ್ ಎಸ್ಟೇಟ್ ಏಜೆಂಟರನ್ನು ವೇದಿಕೆಗೆ ಕರೀತೀರಿ. ಒಂದು ಸಲ ಅರ್ಧ ಗಂಟೆ ಒಬ್ಬ ವಲಸೆ ವಕೀಲರನ್ನು ಕರೆಸಿ. ವಿಷಯ "ಡ್ರಗ್ಸ್ ಬೇಡ" ಅಂತ ಬೇಡ, ಅದಕ್ಕೆ ಹುಡುಗರು ಬರೋದಿಲ್ಲ. "ಅಂಗಡಿಯಲ್ಲಿ ಸಿಗುವುದೆಲ್ಲ ನಿಮಗೆ ಲೀಗಲ್ಲಾ?" ಅಂತ ಇಡಿ. ಮಕ್ಕಳನ್ನು ಹೊರಗೆ ಕಳಿಸಬೇಡಿ, ಮೊದಲ ಸಾಲಿನಲ್ಲಿ ಕೂರಿಸಿ. ಕೊನೆಗೆ ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ತಗೊಳ್ಳಿ. ಎಷ್ಟು ಚೀಟಿ ಬರುತ್ತೆ ಅಂತ ಎಣಿಸಿ ನೋಡಿ. ಆಮೇಲೂ ಇದು ನಮ್ಮವರ ಸಮಸ್ಯೆ ಅಲ್ಲ ಅಂತ ಅನ್ನಿಸಿದರೆ ನನಗೆ ಬರೆದು ತಿಳಿಸಿ.